ಕ್ಲೌಡಿಗೆ ಹೋದ ಪಾದಗಳು

ಮೊಳೆ ಚಿಕ್ಕಮ್ಮನ ಬಾಯಲ್ಲಿ ಯಾವಾಗಲೂ ಐದು ಮೊಳೆ. ಅವನ್ನು ತುಟಿಯಲ್ಲಿ ಕಚ್ಚಿಕೊಂಡೇ ಆಕೆ ಅಟ್ಟೆ ಹೊಡೆಯುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಒಮ್ಮೆ ಸೀನಿದಾಗ ಐದೂ ಹಾರಿ ಎದುರುಗೋಡೆಯಲ್ಲಿ ಸಾಲಾಗಿ ನಾಟಿಕೊಂಡವು; ಅವಳ ಕೊಡೆ ಇಂದಿಗೂ ಅಲ್ಲೇ ನೇತಾಡುತ್ತದೆ. ನಂಬದವರು ಹೋಗಿ ಕೊಡೆಯನ್ನು ನೋಡಿಕೊಂಡು ಬರಬಹುದು.

ಅವಳು ಜೋಡು ಹೊಲಿಯುತ್ತಿದ್ದುದು ಒಂದಕ್ಕೊಂದು ಹೊಂದದ ಕಾಲುಗಳಿಗೆ: ಇನ್ನೊಂದಕ್ಕಿಂತ ಎರಡು ಬೆರಳಗಲ ಗಿಡ್ಡವಾದದ್ದು, ಒಳಕ್ಕೆ ತಿರುಚಿದ್ದು, ಹೆಬ್ಬೆರಳೇ ಇಲ್ಲದ್ದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿಕ್ಕಮ್ಮನ ಗಿರಾಕಿಗಳಿಗೆ ನೆಲ ನಿಜಕ್ಕೂ ಡೊಂಕೇ. ಅದನ್ನು ಅವಳು ನೆಟ್ಟಗೆ ಮಾಡಿಕೊಡುತ್ತಿದ್ದಳು. ಗಿರಾಕಿಯನ್ನು ದಪ್ಪ ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದಿಟ್ಟುಕೊಳ್ಳುವುದು ಅವಳಪ್ಪ ಹಾಕಿಕೊಟ್ಟ ಪದ್ಧತಿ. ಅಂಥ ಕಾಗದಗಳು ನಾನೂರಿದ್ದವು. ಒಂದನೇ ನಂಬರಿನದು ಅಪ್ಪನದೇ ಕಾಲು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸವಾರಿ ಕೂತಿತ್ತು. ಅಪ್ಪ ಹೋಗಿ ಹತ್ತು ವರ್ಷವಾಗಿತ್ತು.

ಒಂದು ದಿನ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಮನೆಗಳ ನಕ್ಷೆ ಬರೆಯುವುದು ಅವಳ ಕಸುಬು.

"ಚಿಕ್ಕಮ್ಮ, ಕಾಗದಕ್ಕೆ ಗೆದ್ದಲು ಹಿಡಿಯುತ್ತೆ. ಎಲ್ಲಾನೂ ಕ್ಲೌಡಿಗೆ ಹಾಕೋಣ."

"ಎಲ್ಲಿದೆ ಅದು? ಬಸ್ಸು ಹೋಗುತ್ತಾ?"

"ಎಲ್ಲೋ ದೊಡ್ಡ ಕಟ್ಟಡದಲ್ಲಿ ಒಂದು ಕಂಪನಿಯವರ ಸಾವಿರಾರು ಕಂಪ್ಯೂಟರ್ ಇರ್ತವೆ. ಒಂದನ್ನ ಬಾಡಿಗೆಗೆ ಹಿಡಿದು ಇಲ್ಲಿಂದಲೇ ಓಡಿಸೋದು. ಕಾಲಿನ ಗೆರೆ ಕೊಟ್ರೆ ಜೋಡಿನ ಅಚ್ಚಿನ ಚಿತ್ರ ಬರೆದುಕೊಡುತ್ತೆ. ಮೂರು ತಿಂಗಳು ಟ್ರಯಲ್, ಪುಕ್ಕಟೆ."

ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ಚಿಕ್ಕಮ್ಮ ಮೊದಲು ಏರಿಸಿದ್ದೇ ಅಪ್ಪನ ಕಾಲನ್ನು.

"ಪೂರ್ತಿ ಕೇಳಿಸ್ಕೋ," ಅಂದಳು ಹುಡುಗಿ. "ಕ್ರೆಡಿಟ್ ಅಂತ ಒಂದು ಗಂಟು ಕೊಟ್ಟಿದಾರೆ. ಯಂತ್ರ ಓಡಿದಷ್ಟೂ ಅದು ಕರಗುತ್ತೆ. ಮೂರು ತಿಂಗಳಾಗಲಿ, ಗಂಟು ಕರಗಲಿ, ಯಾವುದು ಮೊದಲೋ ಅಲ್ಲಿಗೆ ಟ್ರಯಲ್ ಮುಗೀತು. ಕೆಲಸ ಆದ್ಮೇಲೆ 'ನಿಲ್ಲಿಸು' ಒತ್ತಬೇಕು."

"ಮೂವತ್ತು ವರ್ಷದಿಂದ ಅಂಗಡಿ ಮುಚ್ತಾ ಇದೀನಿ. ನಂಗೇ ಹೇಳಿಕೊಡ್ತೀಯೇನೇ?"

ಅಂದಿನಿಂದ ದಿನವೂ ಸಂಜೆ ಚಿಕ್ಕಮ್ಮ, ಹುಡುಗಿ ಬಿಟ್ಟುಹೋದ ಲ್ಯಾಪ್‌ಟಾಪಿನ ಮುಚ್ಚಳವನ್ನು ಷಟರ್ ಎಳೆದಂತೆ ಧಡಾರನೆ ಮುಚ್ಚಿ, ಮೇಲೊಂದು ಸುತ್ತಿಗೆ ಹೇರಿ ಮನೆಗೆ ಹೋಗುತ್ತಿದ್ದಳು. ಮುಚ್ಚಿದ್ದು ಮುಚ್ಚಳ ಮಾತ್ರ. ದೂರದ ಕಟ್ಟಡದಲ್ಲಿ ಯಂತ್ರ ಹಗಲಿರುಳು ಓಡುತ್ತಲೇ ಇತ್ತು. ಇತ್ತ ನಾನೂರೂ ಏರಿದ ಮೇಲೆ ಹಳೆಯ ಕಾಗದದ ಕಟ್ಟಿಗೂ ಕತ್ತರಿ ಬಿತ್ತು. "ಇಷ್ಟು ಗಟ್ಟಿ ಕಾಗದ ಈಗ ಎಲ್ಲಿ ಸಿಗುತ್ತೆ?" ಎಂದು ಚೂರು ಚೂರು ಮಾಡಿ, ಹೊಸ ಜೋಡುಗಳಲ್ಲಿ ಪಾದದಡಿಯ ಪದರವಾಗಿ ಅಂಟಿಸಿಬಿಟ್ಟಳು.

ಹನ್ನೆರಡನೇ ದಿನ ಪರದೆಯ ಮೇಲೆ ಕೆಂಪಕ್ಷರ. ಗಂಟು ಕರಗಿತ್ತು, ಖಾತೆಗೆ ಬೀಗ ಬಿದ್ದಿತ್ತು. ಒಳಗಿರುವುದನ್ನು ಮೂವತ್ತು ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತಾರಂತೆ. ನಾನೂರು ಕಾಲೂ ಒಳಗೆ. ಹೊರಗೆ ಒಂದು ಕಾಗದವೂ ಇಲ್ಲ. ಚಿಕ್ಕಮ್ಮ ಬಾಯಿಂದ ಐದೂ ಮೊಳೆ ತೆಗೆದು ಮೇಜಿನ ಮೇಲಿಟ್ಟಳು.  ಅದನ್ನು ಕಂಡದ್ದೇ ಅಕ್ಕನ ಮಗಳು ಕಂಪನಿಗೆ ಫೋನು ಹಚ್ಚಿಕೊಟ್ಟಳು.

"ಕಾರ್ಡ್ ಕೊಟ್ಟು ಅಪ್‌ಗ್ರೇಡ್ ಮಾಡಿದ್ರೆ ಎಲ್ಲಾ ವಾಪಸ್ ಸಿಗುತ್ತೆ ಮೇಡಂ," ಎಂದಿತು ಜೇನಿನಂಥ ದನಿ.

"ಆಮೇಲೆ ಬಿಲ್ಲು ಎಷ್ಟು ಬರುತ್ತಪ್ಪ?"

"ಬಳಸಿದಷ್ಟು ಮೇಡಂ."

"ಅಂದ್ರೆ ಎಷ್ಟು?"

"ಅದು ನಿಮ್ಮ ಬಳಕೆ ಮೇಲೆ ಹೋಗುತ್ತೆ."

"ನಾನು ಮನೇಲಿ ಗೊರಕೆ ಹೊಡೀತಿದ್ದಾಗಲೂ ಬಳಸ್ತಿದ್ದೆ ಅಂತೀರ. ನೋಡಪ್ಪ, ನಿಲ್ಲಿಸದೆ ಹೋಗಿದ್ದು ನನ್ನ ತಪ್ಪು, ಒಪ್ಪಿದೆ. ಆದ್ರೆ ಅಳತೆ ಇಲ್ಲದೆ ನಾನು ಜೋಡು ಹೊಲಿಯಲ್ಲ, ಅಳತೆ ಹೇಳದ ಬಿಲ್ಲಿಗೆ ಹೂಂ ಅನ್ನಲ್ಲ. ಇಡು ಫೋನು!"

"ಚಿಕ್ಕಮ್ಮ, ಹಟ ಮಾಡಬೇಡ! ನನ್ನ ಕಾರ್ಡ್ ಕೊಡ್ತೀನಿ. ತಾತನ ಕಾಲೂ ಅದರಲ್ಲೇ ಇದೆ."

ಚಿಕ್ಕಮ್ಮ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಸರಿಸಿದಳು.  ಆಮೇಲೆ, "ಕಾಲುಗಳು ಕ್ಲೌಡಲ್ಲಿ ಹುಟ್ಟಿದ್ವೇನೇ? ಬೀದೀಲಿ ಓಡಾಡ್ತಿವೆ. ಕಾಗದ ತಾ," ಅಂದಳು.

ಮರುದಿನದಿಂದ ಅಂಗಡಿಯ ಮುಂದೆ ಸ್ಟೂಲು ಹಾಕಿ, ಬೀದಿಗೆ ಬೆನ್ನು ತಿರುಗಿಸಿ ಕೂತಳು. ಹೆಜ್ಜೆ ಸದ್ದಿನಲ್ಲೇ ಆಳನ್ನು ಹಿಡಿಯುವವಳಿಗೆ ಕಣ್ಣೇಕೆ? "ಏಯ್, ಎಡಗಾಲು ಎರಡು ಬೆರಳು ಗಿಡ್ಡ! ಬಾ ಇಲ್ಲಿ!"

ಬಸ್ಸಿನೊಳಗೆ ಟಿಕೆಟ್ ಹರಿಯುತ್ತ ಓಡಾಡುತ್ತಿದ್ದ ಕಂಡಕ್ಟರಮ್ಮ ಬಸ್ಸನ್ನೇ ನಿಲ್ಲಿಸಿ ಇಳಿದು ಬಂದಳು. "ಹೋದ ತಿಂಗಳು ತಾನೇ ಜೋಡು ಕೊಟ್ರಲ್ಲಕ್ಕ?"

"ಕಾಲು ಕಳಕೊಂಡುಬಿಟ್ಟೆ ಕಣೇ. ನಿಂತ್ಕೋ, ಅಲುಗಾಡಬೇಡ."

ಅವಳ ಹಿಂದೆ ಮೂವತ್ತಾರು ಪ್ರಯಾಣಿಕರೂ ಇಳಿದರು. ಡ್ರೈವರನೂ ಜೋಡು ಬಿಚ್ಚಿದ. ನೆಟ್ಟಗಿನ ಕಾಲಿನವರನ್ನು ಚಿಕ್ಕಮ್ಮ ಬೈದು ಓಡಿಸಬೇಕಾಯಿತು. ಸಾಲು ಬೀದಿ ದಾಟಿ, ಸೇತುವೆ ದಾಟಿ ಬೆಳೆಯಿತು; ಮುಂದಿನ ಊರಿನವರು ಏನೋ ಹಂಚುತ್ತಿದ್ದಾರೆಂದು ಚೀಲ ಹಿಡಿದು ಬಂದು ನಿಂತರು. ಇಪ್ಪತ್ತೊಂಬತ್ತು ದಿನಗಳಲ್ಲಿ ಮುನ್ನೂರ ಹನ್ನೊಂದು ಕಾಲು ಕಾಗದಕ್ಕಿಳಿದವು. ಉಳಿದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ.

ಮೂವತ್ತನೇ ದಿನ ಕೊನೆಯ ಎಚ್ಚರಿಕೆ ಬಂತು. ಅಕ್ಕನ ಮಗಳು ಕಾರ್ಡ್ ಹಿಡಿದು ನಿಂತಿದ್ದಳು. "ಇನ್ನೂ ಒಂದು ಗಂಟೆ ಇದೆ ಚಿಕ್ಕಮ್ಮ. ತಾತನ ಕಾಲು ಇನ್ನೆಲ್ಲಿ ಸಿಗುತ್ತೆ?"

ಚಿಕ್ಕಮ್ಮ ಮೂವತ್ತು ವರ್ಷದಲ್ಲಿ ಮೊದಲ ಬಾರಿ ಗಿರಾಕಿಗಳೆದುರು ತನ್ನ ಜೋಡು ಬಿಚ್ಚಿದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸವಾರಿ ಕೂತಿತ್ತು. ಹೊಸ ಕಾಗದದ ಮೇಲೆ ನಿಂತು ಪೆನ್ಸಿಲನ್ನು ಅವತ್ತೂ ಬಸ್ಸು ನಿಲ್ಲಿಸಿ ಬಂದಿದ್ದ ಕಂಡಕ್ಟರಮ್ಮನ ಕೈಗಿತ್ತಳು.

"ಅಲುಗಾಡಬೇಡಿ ಅಕ್ಕ," ಕಂಡಕ್ಟರಮ್ಮ ಗದರಿದಳು.

"ಮೂಲೆಗೆ 'ಒಂದು' ಅಂತ ಬರಿ."

"ಫೋಟೋನಾದ್ರೂ ತೆಕ್ಕೊಳ್ಳಲಾ?" ಅಂದಳು ಅಕ್ಕನ ಮಗಳು, ಕಣ್ಣೊರೆಸಿಕೊಂಡು.

"ಹತ್ತು ತೆಗಿ. ಕಾಗದ ಮಾತ್ರ ನನ್ನ ಪೆಟ್ಟಿಗೆಗೆ," ಎಂದು ಚಿಕ್ಕಮ್ಮ ಐದು ಮೊಳೆಗಳನ್ನು ಬಾಯಿಗೆ ಹಾಕಿಕೊಂಡಳು.