ಹಿಂದಕ್ಕೇ ಓಡುವ ಪಿಕಪ್

ನಮ್ಮ ಚಿಕ್ಕಪ್ಪನ ಹಳೆಯ ಆಟೋಮ್ಯಾಟಿಕ್ ಪಿಕಪ್ ಒಂದು ಬೆಳಿಗ್ಗೆ ಮುಂದಕ್ಕೆ ಹೋಗಲು ಸುತರಾಂ ಒಪ್ಪಲಿಲ್ಲ. ರಿವರ್ಸ್ ಮಾತ್ರ ಸಲೀಸಾಗಿತ್ತು. ಚಿಕ್ಕಪ್ಪ ಎದೆಗುಂದಲಿಲ್ಲ. ತಿಂಗಳುಗಟ್ಟಲೆ ಕತ್ತು ತಿರುಗಿಸಿಕೊಂಡೇ, ಮಂಚ ಬೀರು ಹೇರಿಕೊಂಡು ಊರೆಲ್ಲ ಹಿಂದುಹಿಂದಕ್ಕೆ ಓಡಾಡಿದರು.

ಕೊನೆಗೆ ಚಿಕ್ಕಮ್ಮ ಬೈದು ಗ್ಯಾರೇಜಿಗೆ ಅಟ್ಟಿದರು. ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆ ಮೂಸಿ ಮುಖ ಕಿವುಚಿದ.

"ಸುಟ್ಟು ಕರಕಲಾಗಿದೆ ಯಜಮಾನ್ರೇ. ಎಣ್ಣೆ ಯಾವಾಗ ಬದಲಾಯಿಸಿದ್ರಿ?"

"ನಾನ್ಯಾಕೆ ಬದಲಾಯಿಸ್ಲಿ? ಆಟೋಮ್ಯಾಟಿಕ್ ಅಲ್ವೇನಯ್ಯಾ, ಅದೇ ಬದಲಾಯಿಸ್ಕೊಳ್ಳುತ್ತೆ ಅಂದ್ಕೊಂಡಿದ್ದೆ!"

ಅವನು ಹಣೆ ಚಚ್ಚಿಕೊಂಡು, ಸವೆದ ಕ್ಲಚ್ ಪ್ಲೇಟುಗಳನ್ನು ಬದಲಿಸಿ, ಹೊಸ ಎಣ್ಣೆ ತುಂಬಿದ. ಗಾಡಿ ಮುಂದಕ್ಕೆ ಓಡಿತು. ಆದರೆ ಚಿಕ್ಕಪ್ಪ ಅಭ್ಯಾಸಬಲದಿಂದ ಹಿಂದೆ ನೋಡುತ್ತಲೇ ಹೋಗಿ ಗ್ಯಾರೇಜಿನ ಗೇಟು ಕೆಡವಿದರು.

ಮರುದಿನದಿಂದ ಚಿಕ್ಕಮ್ಮ ಪಕ್ಕದಲ್ಲಿ ಕೂತು, ಎರಡೂ ಕೈಯಲ್ಲಿ ಗಂಡನ ಗಲ್ಲ ಹಿಡಿದು ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡೇ ಸಾಮಾನು ಸಾಗಿಸತೊಡಗಿದರು.