ಹೊಲಿಗೆಗೆ ಒಂದು ಕಣ್ಣು

ದರ್ಜಿಯಣ್ಣನ ಚೀಲ ಮೂರು ದಿನದಿಂದ ಮಂಚದ ಕೆಳಗೆ ಕಟ್ಟಿಯೇ ಇತ್ತು. ಹೋಗಿ ಎನ್ನಿಸಿಕೊಂಡು ಹೋಗುವುದಕ್ಕಿಂತ ತಾನೇ ಹೊರಟುಬಿಟ್ಟರೆ ಮಾನವಾದರೂ ಉಳಿದೀತು ಎಂದು ಅವನ ಎಣಿಕೆ.

ಅದು ಏಳು ಜನ ವಯಸ್ಸಾದವರು ತಾವಾಗಿಯೇ ಕೂಡಿ ಕಟ್ಟಿಕೊಂಡ ಮನೆ. ಯಾರನ್ನೂ ಯಾರೂ ತಂದು ಬಿಟ್ಟದ್ದಲ್ಲ. ಎಂಟು ಕೋಣೆ, ಒಂದು ಅಡುಗೆಮನೆ, ಎರಡೇ ನಿಯಮ. ಪ್ರತಿಯೊಬ್ಬರೂ ಕೈಲಾದ ಕೆಲಸ ಮಾಡಬೇಕು; ಹೊಸಬರು ಮೂರು ತಿಂಗಳು ಇದ್ದ ಮೇಲೆ ಎಲ್ಲರೂ ಕೂತು ತೀರ್ಮಾನಿಸಬೇಕು. ದರ್ಜಿಯಣ್ಣನ ಮೂರು ತಿಂಗಳು ಈ ಭಾನುವಾರಕ್ಕೆ ಮುಗಿಯುತ್ತಿತ್ತು. ಇಲ್ಲಿ ಬೇಡವೆಂದರೆ ತಮ್ಮನ ಮನೆಯ ಹಜಾರವೇ ಗತಿ. ಅಲ್ಲಿ ಅವನು ಆರು ತಿಂಗಳು ಟಿವಿಗೆ ಅಡ್ಡವಾಗದಂತೆ ಕಾಲು ಮಡಚಿಕೊಂಡು ಮಲಗಿದ್ದ.

ನಲವತ್ತು ವರ್ಷ ಕತ್ತರಿ ಹಿಡಿದ ಕೈ ಇನ್ನೂ ಗಟ್ಟಿಯಾಗಿತ್ತು. ಕೈಕೊಟ್ಟದ್ದು ಕಣ್ಣು. ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಣ್ಣಿಲ್ಲದ ದರ್ಜಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಬಂದ ಎರಡನೆಯ ದಿನ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಕೆಲಸದ ಪಟ್ಟಿಯನ್ನು ಮೂಗು ತಾಗಿಸಿ ಓದಿದ್ದ. 'ಅಡುಗೆ: ಅಡುಗೆಯಣ್ಣ. ನಾಲಿಗೆ: ಟೀಚರಮ್ಮ.' ಟೀಚರಮ್ಮ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲವಾದ್ದರಿಂದ ಯಾರೋ ತಮಾಷೆಗೆ ಬರೆದಿದ್ದಾರೆಂದು ನಕ್ಕ. ಮುಂದಿನ ಸಾಲಿಗೆ ನಗು ಇಳಿಯಿತು. 'ಹೊಲಿಗೆ: ದರ್ಜಿಯಣ್ಣ. ಕಣ್ಣು: ಪೋಸ್ಟಕ್ಕ.'

ಅಂದರೆ ತನ್ನ ಮೇಲೆ ಕಣ್ಣಿಡಲು ಆಳು ನೇಮಿಸಿದ್ದಾರೆ! ಅಂಚೆ ಕಚೇರಿಯಿಂದ ನಿವೃತ್ತಳಾದ ಪೋಸ್ಟಕ್ಕ ದಿನಾ ಬೆಳಿಗ್ಗೆ ಬಂದು, ಏನಾದರೂ ಬೇಕೇ ಎಂದು ಕೇಳುತ್ತಿದ್ದಳು. ಏನೂ ಬೇಡವೆಂದು ಇವನು ಬೆನ್ನು ತಿರುಗಿಸುತ್ತಿದ್ದ. ಅವಳು ಕೂರದಿರಲೆಂದು ಮಿಷನ್ ಪಕ್ಕದ ಕುರ್ಚಿಯ ಮೇಲೆ ಬಟ್ಟೆಯ ಗುಡ್ಡೆ ಹೇರಿಟ್ಟ.

ಆದರೆ ಕಳ್ಳಾಟ ಎಷ್ಟು ದಿನ? ಅಡುಗೆಯಣ್ಣನ ಅಂಗಿ ಕತ್ತರಿಸುವಾಗ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ತಿಳಿಯದೆ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟ. ಕಲಿಯುವ ಹುಡುಗನಿಗೂ ಬೈಯುವಂಥ ತಪ್ಪು. ಗೊತ್ತಾಗುವಷ್ಟರಲ್ಲಿ ಅಡುಗೆಯಣ್ಣ ಅದನ್ನು ತೊಟ್ಟು ತಿರುಗುತ್ತಿದ್ದ. ಅಂದಿನಿಂದ ದರ್ಜಿಯಣ್ಣ ಅಡುಗೆಯಣ್ಣನ ಕಣ್ಣು ತಪ್ಪಿಸಿ, ಅರ್ಧ ಊಟಕ್ಕೇ ಏಳತೊಡಗಿದ. ಭಾನುವಾರ ಹತ್ತಿರವಾದಾಗ ಚೀಲ ಕಟ್ಟಿದ.

ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲು ಎಲ್ಲರೂ ಜಗುಲಿಯಲ್ಲಿ ಕೂತರು. ಟೀಚರಮ್ಮ ಅವನ ವಿಷಯ ಎತ್ತುವ ಮೊದಲೇ ಅವನು ಎದ್ದು ನಿಂತ.

"ನಂಗೆ ಕಣ್ಣು ಕಾಣಲ್ಲ. ಮುಚ್ಚಿಟ್ಟಿದ್ದೆ, ತಪ್ಪಾಯ್ತು. ನಾನು ಹೊರಡ್ತೀನಿ."

ಯಾರೂ ಬೆಚ್ಚಲಿಲ್ಲ. ಅಡುಗೆಯಣ್ಣ ಬಲಗೈ ಎತ್ತಿದ. ಅಂಗಿಯೂ ಹೊಟ್ಟೆ ತೋರಿಸುತ್ತ ಮೇಲೆದ್ದಿತು. ಹದಿನೈದು ದಿನದಿಂದ ಹೀಗೇ ಸಾರು ತಿರುವುತ್ತಿದ್ದೇನೆ, ನೀವೇ ಬಾಯಿ ಬಿಡಲಿ ಅಂತ ಕಾಯುತ್ತಿದ್ದೆ ಎಂದ.

"ಬಂದ ದಿನ ಮನೆ ಪುಸ್ತಕದಲ್ಲಿ ಗೆರೆ ಬಿಟ್ಟು ಒಂದಿಂಚು ಕೆಳಗೆ ಸಹಿ ಹಾಕಿದ್ರಲ್ಲ ಅಣ್ಣ, ಆವತ್ತೇ ಗೊತ್ತಾಯ್ತು," ಎಂದಳು ಪೋಸ್ಟಕ್ಕ. "ಮೂವತ್ತು ವರ್ಷ ಸಹಿ ನೋಡಿದೋಳು ನಾನು. ಅದಕ್ಕೇ ಪಟ್ಟಿಲಿ ಬರೆದಿದ್ದು."

"ಕಣ್ಣಿಡೋಕೆ?"

"ಅಯ್ಯೋ, ಕಣ್ಣು ಕೊಡೋಕೆ."

ಆಮೇಲೆ ಟೀಚರಮ್ಮನ ನಾಲಿಗೆಯ ಕಥೆಯೂ ಬಿಚ್ಚಿತು. ಅಡುಗೆಯಣ್ಣನಿಗೆ ಕಾಯಿಲೆಯಲ್ಲಿ ರುಚಿ ಹೋಗಿ ನಾಲ್ಕು ವರ್ಷವಾಗಿತ್ತು. ಉಪ್ಪು ಖಾರ ನೋಡಿ ಹೇಳುತ್ತಿದ್ದವಳು ಅವಳೇ. ಕೈಲಾದಷ್ಟು ಎಂದರೆ ಆ ಮನೆಯಲ್ಲಿ ಒಂದು ಕೈಯ ಮಾತಾಗಿರಲಿಲ್ಲ.

ತೀರ್ಮಾನವೇನೆಂದು ದರ್ಜಿಯಣ್ಣ ಅಳುಕುತ್ತ ಕೇಳಿದ. ಅದು ಮೊದಲ ವಾರವೇ ಆಗಿಹೋಯಿತು, ಈಗ ಊಟಕ್ಕೆ ಏಳಿ ಎಂದಳು ಟೀಚರಮ್ಮ. ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಗಿ ಅವನು ಎಲ್ಲರೆದುರೇ ಅತ್ತುಬಿಟ್ಟ. ಮೂರು ತಿಂಗಳ ಮೇಲೆ ಅಂದು ಎರಡು ಸಲ ಬಡಿಸಿಕೊಂಡು ಉಂಡ.

ಮರುದಿನ ಬೆಳಿಗ್ಗೆ ಪೋಸ್ಟಕ್ಕ ಬಾಗಿಲಲ್ಲಿ ನಿಂತು, ಏನಾದರೂ ಬೇಕೇ ಎಂದಳು. ದರ್ಜಿಯಣ್ಣ ಕುರ್ಚಿಯ ಮೇಲಿನ ಬಟ್ಟೆಯ ಗುಡ್ಡೆಯನ್ನು ಬಾಚಿ ನೆಲಕ್ಕೆ ಹಾಕಿದ.

"ಕೂತ್ಕೊಳ್ಳಿ ಅಕ್ಕ. ಬಿಳಿ ದಾರ ನಾಲ್ಕು ಸೂಜಿಗೆ ಹಾಕಿ. ಮೊದಲು ಆ ಬಲತೋಳು ಸರಿ ಮಾಡೋಣ."