ಅರ್ಧ ಇಳಿಸಿದ ಶಟರು

"ಇಳಿಸ್ಬೇಡಿ ಶಿವಸ್ವಾಮಣ್ಣ, ಇವತ್ತು ಇಳಿಸಿದ್ರೆ ನಾಳೆ ಎತ್ತೋಕಾಗಲ್ಲ!" ಎನ್ನುತ್ತ ನಯನ ಶಟರಿನ ಅಡಿಗೆ ಎರಡೂ ಕೈ ಕೊಟ್ಟು ಮೇಲಕ್ಕೆ ನೂಕಿದಳು.

ಒಳಗಿನಿಂದ ಶಿವಸ್ವಾಮಿ ಕೊಕ್ಕೆ ಹಿಡಿದು ಕೆಳಗೆ ಜಗ್ಗುತ್ತಿದ್ದರು. ನರಸೀಪುರದ ಸೊಸೈಟಿ ಬ್ಯಾಂಕಿಗೆ ಅವರು ಕಾರ್ಯದರ್ಶಿ. ಎಂದೂ ದನಿ ಏರಿಸದ ಮನುಷ್ಯನ ಮುಖ ಈಗ ಸುಣ್ಣದಂತಾಗಿತ್ತು.

"ನಯನಮ್ಮ, ಜನ ಮೈಮೇಲೆ ಬೀಳ್ತಾವ್ರೆ. ಪೆಟ್ಟಿಗೆಯಲ್ಲಿರೋದು ಮಧ್ಯಾಹ್ನದವರೆಗೂ ಸಾಲ್ದು."

"ಸಾಲೋವರೆಗೂ ಕೊಡಿ. ಬಾಗಿಲು ಮಾತ್ರ ಹಾಕ್ಬೇಡಿ."

ಶಟರು ಕಿರಗುಟ್ಟಿ ಮೇಲೇರಿತು. ಮೂಗೂರು, ಹೆಡತಲೆ, ಸುತ್ತೂರಿನಿಂದ ಬಂದವರು ಪಾಸ್‌ಬುಕ್ಕನ್ನು ತಲೆಯ ಮೇಲೆ ಹಿಡಿದುಕೊಂಡು ಒಳನುಗ್ಗಿದರು. ನಯನ ಗೋಡೆಗೆ ಆತು ನಿಂತಳು. ಅವಳ ಕೈಚೀಲದಲ್ಲಿ ಕಂಪನಿಯ ಹಣವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುವ ಚೀಟಿಯಿತ್ತು. ಸಹಿಯೊಂದು ಬಿಟ್ಟು ಉಳಿದದ್ದನ್ನೆಲ್ಲ ತುಂಬಿಯಾಗಿತ್ತು. ಬ್ಯಾಂಕಿನಲ್ಲಿ ಅತಿ ದೊಡ್ಡ ಠೇವಣಿ ಅವಳ ಕಂಪನಿಯದೇ. ಸಹಿ ಹಾಕಿದರೆ ಸೊಸೈಟಿ ಇವತ್ತೇ ಮುಳುಗುತ್ತದೆ. ಹಾಕದೆ ಹೋಗಿ, ಸೊಸೈಟಿ ಮುಳುಗಿಯೇಬಿಟ್ಟರೆ ಕಂಪನಿಯ ನಂಜನಗೂಡಿನ ಷೆಡ್ಡಿನಲ್ಲಿ ಬಾಳೆಕಾಯಿ ಹೆಚ್ಚುವ ಹೆಂಗಸರ ಕೂಲಿಯೂ ಜೊತೆಗೆ ಮುಳುಗುತ್ತದೆ.

ಬಾಳೆಕಾಯಿ ಪುಡಿಯ ಈ ಕಂಪನಿ ಹುಟ್ಟಿದ್ದೇ ಸೊಸೈಟಿಯಿಂದ. ಮೈಸೂರಿನ ದೊಡ್ಡ ಬ್ಯಾಂಕುಗಳು ಅವಳಪ್ಪನ ಜಮೀನನ್ನು ಅಡವಿಡಿ ಎಂದಿದ್ದ ಕಾಲದಲ್ಲಿ ಶಿವಸ್ವಾಮಿ ಸ್ಕೂಟರಿನಲ್ಲಿ ಅವಳೂರು ಹೆಡತಲೆಗೆ ಬಂದು, ಜಗಲಿಯ ಮೇಲೆ ಕೂತು, ಅಂಗೈಗೆ ಪುಡಿ ಹಾಕಿಸಿಕೊಂಡು ನೆಕ್ಕಿದ್ದರು. "ನನ್ನ ಮೊಮ್ಮಗೂಗೆ ಕೊಡಬೋದು" ಎಂದಷ್ಟೇ ಹೇಳಿ ಎದ್ದಿದ್ದರು. ಮರುವಾರ ಅಧ್ಯಕ್ಷ ಹುಚ್ಚಯ್ಯನವರು ಒಣಗಿಸುವ ಯಂತ್ರಕ್ಕೆ ಸಾಲ ಮಂಜೂರು ಮಾಡಿದ್ದರು. ನಯನ ಆ ಅಂಗೈಯನ್ನು ಮರೆತವಳಲ್ಲ.

ಹೂಡಿಕೆದಾರರು ಬಂದದ್ದು ಆಮೇಲೆ. ಅವರ ಪರವಾಗಿ ಕಂಪನಿ ನೋಡಿಕೊಳ್ಳುವ ಕೃಷ್ಣಪ್ರಸಾದ್ ಅವಳ ಸಂಬಳವನ್ನು ತಿಂಗಳಿಗೆ ಮೂರು ಲಕ್ಷಕ್ಕೆ ಏರಿಸಿದ್ದರು. "ಸಿಇಒ ಸಂಬಳ ಸಣ್ಣದಾದ್ರೆ ಕಂಪನೀನೇ ಸಣ್ಣದಾಗಿ ಕಾಣುತ್ತೆ" ಎನ್ನುವುದು ಅವರ ವಾದ. ನಯನ ಬೇಡವೆನ್ನಲಿಲ್ಲ. ಕೆಂಪು ಕಾರು ಕೊಂಡಳು. 'ಹೆಡತಲೆ ಹುಡುಗಿಗೆ ಮೂರು ಲಕ್ಷ ಸಂಬಳ!' ಎಂದು ಊರಿನ ಶಿವರಾಜು ತನ್ನ ಸುದ್ದಿ ಪೇಜಿನಲ್ಲಿ ಹಾಕಿದಾಗ ಖುಷಿಯಿಂದ ತಾನೇ ಹತ್ತಾರು ಜನಕ್ಕೆ ಕಳಿಸಿದ್ದಳು.

ಹುಚ್ಚಯ್ಯನವರು ತೀರಿಕೊಂಡು, ನಿನ್ನೆ ಅವರ ಶವದ ಮೆರವಣಿಗೆ ಬ್ಯಾಂಕಿನ ಮುಂದೆ ಹಾದುಹೋಯಿತು. ಹೆಣ ಹೋಗುವಾಗ ಅಂಗಡಿಯವರು ಶಟರನ್ನು ಅರ್ಧ ಇಳಿಸುವುದು ಪೇಟೆಯ ಮರ್ಯಾದೆ. ಶಿವಸ್ವಾಮಿಯೂ ಇಳಿಸಿದ್ದರು. ಅಷ್ಟು ಹೊತ್ತಿಗೆ, ಹೆಣದ ಮುಂದೆ ಎರಚಲು ಬ್ಯಾಂಕಿನಲ್ಲಿ ಪುರಿ, ಹೂವು, ಚಿಲ್ಲರೆ ಕಾಸು ತುಂಬಿಟ್ಟಿದ್ದ ಚೀಲ ಎತ್ತಿಕೊಂಡು ನಯನ ಶಟರಿನ ಕೆಳಗೆ ಬಗ್ಗಿ ಹೊರಬಂದು, ಮುಂದೆ ಹೋಗಿದ್ದ ಮೆರವಣಿಗೆ ಸೇರಿಕೊಳ್ಳಲು ಓಡಿದ್ದಳು. ಎದುರು ಅಂಗಡಿಯಿಂದ ಶಿವರಾಜು ಅದನ್ನು ಮೊಬೈಲಿನಲ್ಲಿ ಹಿಡಿದ. ತಮಟೆಯ ಸದ್ದು ತೆಗೆದು ಎದೆ ಡವಗುಟ್ಟುವ ಸಂಗೀತ ಸೇರಿಸಿದ. ಮೇಲೊಂದು ಸಾಲು: 'ಮೂರು ಲಕ್ಷದ ಮೇಡಂ ಚೀಲ ತುಂಬ್ಕೊಂಡು ಓಟ! ಸೊಸೈಟಿ ಬಂದ್?' ಬೆಳಗಾಗುವಷ್ಟರಲ್ಲಿ ಅದು ಎರಡು ತಾಲ್ಲೂಕಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು.

ಈಗ ಸಾಲಿನಲ್ಲಿದ್ದ ಮೂಗೂರಿನ ಚನ್ನಾಜಮ್ಮ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. ಕಂಪನಿಗೆ ವಾರಕ್ಕೊಮ್ಮೆ ಬಾಳೆಗೊನೆ ಹಾಕುವವಳು.

"ಯಾಕವ್ವ ನಯ್ನ, ಮೂರ್ ಲಕ್ಷ ಸಾಲ್ದು ಅಂತ ಚೀಲ ಬ್ಯಾರೆ ತುಂಬ್ಕೊಂಡು ಓಡೋದ್ಯಾ? ನಮ್ಗೇನ್ ಉಳ್ಸಿದೀಯ, ಗೊನೆ ದಿಂಡಾ?"

ಸಾಲು ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಸಿಟ್ಟೂ ಇತ್ತು.

"ಚನ್ನಾಜವ್ವ, ಆ ಚೀಲದಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ವಾ?"

"ದುಡ್ಡು. ಇಲ್ ನೋಡು, ವಿಡಿಯೋದಾಗೇ ಅದೆ."

"ಸರಿಯಾಗಿ ನೋಡಿ. ಆ ಚೀಲಕ್ಕೆ ನಿನ್ನೆ ಕೈ ಹಾಕಿದ್ದು ಯಾರು?"

ಚನ್ನಾಜಮ್ಮ ಮೊಬೈಲನ್ನು ಮೂಗಿನ ಹತ್ತಿರ ಹಿಡಿದಳು. ಬೂದುಬಣ್ಣದ ಗೋಣಿಚೀಲ, ಬಾಯಿಗೆ ಕಟ್ಟಿದ ಹಳದಿ ದಾರ. ಅವಳ ತುಟಿ ನಿಧಾನವಾಗಿ ತೆರೆದುಕೊಂಡಿತು.

"ಅಯ್ಯೋ ನನ್ ಶಿವ್ನೇ! ಇದು ಪುರಿ ಚೀಲ ಕಣ್ರಲಾ! ದಾರಿ ಉದ್ದುಕ್ಕೂ ನಾನೇ ಎರಚ್ಕೊಂಡ್ ಬಂದಿವ್ನಿ. ನಾನೇ ಎರಚಿದ್ ಪುರೀನ ನಾನೇ ದುಡ್ಡು ಅಂತ ನಂಬ್ಬುಟ್ನಲ್ಲ, ನನ್ ಬಾಯಿಗ್ ಮಣ್ಣಾಕ!"

ಅಷ್ಟರಲ್ಲಿ ಬಾಗಿಲ ಬಳಿ ಮೊಬೈಲು ಎತ್ತಿ ಹಿಡಿದಿದ್ದ ಶಿವರಾಜು ಅವಳ ಕಣ್ಣಿಗೆ ಬಿದ್ದ.

"ಲೇ ಶಿವ್ರಾಜು, ಬಾರ್ಲಾ ಇಲ್ಲಿ. ಉಚ್ಚಯ್ನೋರ್ ಎಣ ಮುಂದೆ ಓಗಿತ್ತು, ಅದ್ನ ಯಾಕ್ಲಾ ಬುಟ್ಟೆ? ನನ್ ಮಕಾನೂ ಇಡ್ಕೊ, ಆಕು ನಿನ್ ಪೇಜಿಗೆ. ಚನ್ನಾಜಿ ದುಡ್ಡು ಇಲ್ಲೇ ಇರ್ತದೆ ಅಂತ ಬರಿ."

ಶಿವರಾಜುವಿನ ಕೈ ಇಳಿಯಿತು. ಅವನಿಗೂ ಇಲ್ಲೇ ಖಾತೆಯಿತ್ತು; ಬೆಳಗ್ಗೆ ಮೊದಲು ಬಂದು ಹಣ ತೆಗೆದವನೂ ಅವನೇ ಎಂದು ಗುಮಾಸ್ತರು ಕೂಗಿ ಹೇಳಿದಾಗ ಸಾಲು ಮತ್ತೆ ನಕ್ಕಿತು. ಈ ಸಲದ ನಗುವಿನಲ್ಲಿ ಸಿಟ್ಟಿರಲಿಲ್ಲ. ಎಲ್ಲರೂ ಹೊರಟುಬಿಡಲಿಲ್ಲ, ಕೆಲವರು ಹಣ ತೆಗೆದೇ ಹೋದರು. ಆದರೆ ಚನ್ನಾಜಮ್ಮ ಪಾಸ್‌ಬುಕ್ಕನ್ನು ಸೆರಗಿಗೆ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತದ್ದನ್ನು ನೋಡಿ ಮೂಗೂರಿನವರು ಒಬ್ಬೊಬ್ಬರಾಗಿ ಸಾಲಿನಿಂದ ಸರಿದರು.

ಶಿವಸ್ವಾಮಿ ಕಾಫಿ ತರಿಸಿದರು. ಲೋಟ ಕೊಡುವಾಗ ತಟ್ಟೆಗೆ ಕಾಫಿ ಚೆಲ್ಲಿತು. ನಯನ ಚೆಲ್ಲಿದ್ದನ್ನೂ ಕುಡಿದಳು. ಬೆಂಚಿನ ಮೇಲೆ ಇನ್ನೂ ಶಿವರಾಜುವನ್ನು ಬೈಯುತ್ತಿದ್ದ ಚನ್ನಾಜಮ್ಮನಿಗೂ ಒಂದು ಲೋಟ ಒಯ್ದು ಕೊಟ್ಟಳು.

ಮೈಸೂರಿನಿಂದ ಧಾವಿಸಿ ಬಂದ ಕೃಷ್ಣಪ್ರಸಾದ್ ಆಗ ಒಳಗೆ ಕಾಲಿಟ್ಟರು. ಕೆಟ್ಟವರಲ್ಲ, ಬೆವರೊರೆಸಿಕೊಂಡು ಮೊದಲು ಶಿವಸ್ವಾಮಿಗೆ ಕೈಮುಗಿದರು. ಆಮೇಲೆ ನಯನಳನ್ನು ಪಕ್ಕಕ್ಕೆ ಕರೆದರು.

"ವೀಡಿಯೊ ಸುಳ್ಳು ಅಂತ ಬಾಗಿಲಲ್ಲೇ ಜನ ಹೇಳಿದ್ರು, ನನಗೂ ಗೊತ್ತಾಯ್ತು. ಆದ್ರೆ ಬ್ಯಾಂಕ್ ಮುಳುಗೋಕೆ ಸುಳ್ಳೇ ಸಾಕು. ಇವತ್ತು ಬೆಂಚಿನ ಮೇಲಿರೋ ಈ ಅಜ್ಜಿ ಉಳಿಸಿದ್ರು, ಮುಂದಿನ ಸಲ?"

ನಯನ ಕೈಚೀಲದಿಂದ ಚೀಟಿ ಹೊರತೆಗೆದಳು. ಪ್ರಶ್ನೆ ಸರಿಯಾಗಿಯೇ ಇತ್ತು.

"ನಿಮ್ಮ ಸಹಿ ಇಲ್ದೆ ದುಡ್ಡು ಅಲ್ಲಾಡಲ್ಲ. ಬೋರ್ಡ್ ಜೊತೆ ಮಾತಾಡ್ಕೊಂಡೇ ಬಂದಿದೀನಿ. ಈಗ ಸಹಿ ಹಾಕಿ, ಮುಂದಿನ ತಿಂಗಳಿಂದ ನಿಮ್ಮ ಸಂಬಳ ಐದು ಲಕ್ಷ. ಹಾಕ್ದೆ ಇದ್ರೆ ಅವರು ಬೇರೆ ಸಿಇಒ ನೋಡ್ತಾರೆ. ಬಾಯಿಬಿಟ್ಟು ಹೇಳ್ಬಿಟ್ಟಿದೀನಿ, ಬೇಜಾರಾಗ್ಬೇಡಿ."

"ಬೇಜಾರಿಲ್ಲ ಸಾರ್. ಇಷ್ಟು ದಿನ ನೀವು ನನ್ನ ನಂಬಿದ್ದಕ್ಕೆ ಋಣಿ."

"ಹಾಗಾದ್ರೆ ಪೆನ್ನು ತಗೊಳ್ಳಿ."

"ಬೇಡ."

"ಏನು ಬೇಡ? ಸಂಬಳಾನಾ, ವರ್ಗಾವಣೇನಾ?"

"ಎರಡೂ ಬೇಡ ಸಾರ್. ನಾನು ಸಹಿ ಹಾಕಲ್ಲ."